ಗಾದಿಯ ಅರಳೆಯಲ್ಲಿ ಹೂತಿಟ್ಟ ಪಾಕ

ಸಕ್ಕರೆಯ ಪಾಕ ಇನ್ನೇನು ತಳ ಹಿಡಿಯುತ್ತದೆ ಅನ್ನುವ ಗಳಿಗೆಯಲ್ಲಿ ಒಂದು ವಾಸನೆ ಏಳುತ್ತದೆ. ಪೂರ್ತಿ ಸಿಹಿಯೂ ಅಲ್ಲ, ಸುಟ್ಟ ವಾಸನೆಯೂ ಅಲ್ಲ. ಅದು ಮೂಗಿಗೆ ತಾಗಿದರೆ ಬೇರೆಯವರಿಗೆ ಬಾಯಲ್ಲಿ ನೀರೂರಬಹುದು. ನನಗೆ ಮೊದಲು ಬರುವುದು ಸಿಟ್ಟು, ನೆನಪು ಅದರ ಬೆನ್ನಿಗೆ ಬರುತ್ತದೆ. ಹೋದ ವರ್ಷ ಗೌರಿ ಹುಣ್ಣಿಮೆಗೆ ಮುಂಚೆ ಧಾರವಾಡದ ಪೇಟೆಯಲ್ಲಿ ಹಾಗೇ ಆಯಿತು. ಕೋಚಿಂಗ್ ಕ್ಲಾಸು ಮುಗಿಸಿ, ಗಂಟಲು ಒಣಗಿಸಿಕೊಂಡು, ಕಾಯಿಪಲ್ಲೆಯ ಚೀಲ ಹಿಡಿದು ಬರುತ್ತಿದ್ದೆ. ಒಂದು ಮಿಠಾಯಿ ಅಂಗಡಿಯ ಹಿಂದೆ ಯಾರೋ ಪಾಕ ಕಾಯಿಸುತ್ತಿದ್ದರು. ಮುಂದೆ ಹಲಗೆಯ ಮೇಲೆ ಸಕ್ಕರೆ ಆರತಿಯ ಗೊಂಬೆಗಳು ನಿಂತಿದ್ದವು: ನವಿಲು, ಕುದುರೆ, ಬಸವಣ್ಣ, ತೇರು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಈ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿ ಇದ್ದರೆ ಅವಳ ಆರತಿ ಗಂಡಿನ ಮನೆಯಿಂದಲೇ ಬರಬೇಕು. ನಾನೊಂದು ತೇರನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡುತ್ತ ನಿಂತೆ. "ಎಷ್ಟ ಕಟ್ಟಲ್ರಿ, ಬಾಯಾರ?" ಎಂದ ಅಂಗಡಿಯವನು. ಏನೂ ಬೇಡವೆಂದು ತೇರನ್ನು ಇಟ್ಟು ಬಂದೆ. ಅವನದು ತಪ್ಪೇನೂ ಇರಲಿಲ್ಲ; ಆದರೂ ಅವನ ಮೇಲೂ ಸಿಟ್ಟು ಬಂದಿತ್ತು.

ನಮ್ಮ ಮನೆ ಧಾರವಾಡದ ಹಳೆಯ ಓಣಿಯೊಂದರಲ್ಲಿತ್ತು. ಈಗ ಆ ಜಾಗದಲ್ಲಿ ಪರೀಕ್ಷೆಗೆ ಓದುವ ಹುಡುಗರ ಹಾಸ್ಟೆಲ್ಲು ನಿಂತಿದೆ, ಕಿಟಕಿಗೊಂದು ಒದ್ದೆ ಟವೆಲ್ಲು ನೇತುಹಾಕಿಕೊಂಡು. ಆಗ ಅಲ್ಲಿ ಹೆಂಚಿನ ಮಾಡು, ಮುಂದೊಂದು ಕಟ್ಟೆ, ನಡುವೆ ಪಡಸಾಲೆ, ಹಿಂದೆ ಹೊಗೆ ಹಿಡಿದ ಅಡಿಗೆಮನೆ, ಅದರ ಪಕ್ಕಕ್ಕೆ ನಡುಹಗಲಲ್ಲೂ ಕತ್ತಲಿರುತ್ತಿದ್ದ ಒಂದು ಕೋಣೆ. ಅಪ್ಪ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ. ಮನೆಯ ಯಜಮಾನಿಕೆ ಮಾತ್ರ ಆಯಿಯದು, ಅಂದರೆ ಅಪ್ಪನ ತಾಯಿಯದು. ದೀಪಾವಳಿ ಮುಗಿದು ಚಳಿ ಕಾಲಿಟ್ಟಿತೆಂದರೆ ಆಯಿ ಅಟ್ಟದಿಂದ ಸಾಗವಾನಿ ಅಚ್ಚುಗಳ ಪೆಟ್ಟಿಗೆ ಇಳಿಸುತ್ತಿದ್ದಳು. ಅಚ್ಚುಗಳನ್ನು ನೀರಲ್ಲಿ ನೆನೆಹಾಕಿ, ಸಕ್ಕರೆ ಕುದಿಸಿ, ಒಂದಿಷ್ಟು ಹಾಲು ಬಿಟ್ಟು ಕೊಳೆ ಮೇಲೇಳಿಸಿ ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ಮತ್ತೆ ಒಲೆಗೇರಿಸುತ್ತಿದ್ದಳು. ಬೆರಳ ನಡುವೆ ಎಳೆ ಬಿಡುವ ಹದಕ್ಕೆ ಬಂದಾಗ ಸಣ್ಣ ಡಬರಿಗೆ ಇಳಿಸಿ, ಕಟ್ಟಿಗೆಯ ಸೌಟಿನಿಂದ ಗಸಗಸ ತಿಕ್ಕುತ್ತಿದ್ದಳು. ಕನ್ನಡಿಯ ಹಾಗಿದ್ದ ಪಾಕ ನೋಡನೋಡುತ್ತ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ದಾರ ಸುತ್ತಿ ಬಿಗಿದ ಅಚ್ಚಿನ ಬಾಯಿಗೆ ಅದನ್ನು ಆ ಗಳಿಗೆಯಲ್ಲೇ ಹೊಯ್ಯಬೇಕು. ಆಗ ಅಡಿಗೆಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. "ಪಾಕ ಕೈ ಬಿಟ್ಟಿತಂದ್ರ ಡಬರ್ಯಾಗ ಕಲ್ಲಾಗಿ ಕುಂದರತೈತಿ. ಆಮ್ಯಾಲ ದೇವರ ಬಂದ್ರೂ ಅಚ್ಚಿಗೆ ಇಳಿಯಂಗಿಲ್ಲ" ಎನ್ನುತ್ತಿದ್ದಳು. ಈ ಮಾತನ್ನು ಮುಂದೆ ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ಆ ಮನೆಯಲ್ಲಿ ಆಯಿಯ ಪಾಕವನ್ನು ನನ್ನಷ್ಟೇ ಆಸೆಯಿಂದ ನೋಡುತ್ತ ಕೂಡುತ್ತಿದ್ದ ಇನ್ನೊಬ್ಬನೆಂದರೆ ಕಾಕಾ. ಅಪ್ಪನ ತಮ್ಮ, ಹೆಸರು ಗುರುಪಾದ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ. ಅದು ಏನು ವಿದ್ಯೆಯೆಂದು ಮನೆಮಂದಿಗೆ ಕೊನೆಯವರೆಗೂ ತಿಳಿಯಲಿಲ್ಲ. ಓಣಿಯವರು ಅವನನ್ನು 'ಕಲ್ಲಿನ ಮಾಸ್ತರ' ಎಂದು ಕರೆಯುತ್ತಿದ್ದರು. ಅವನ ಮಂಚದ ಕೆಳಗೆ ಚಪ್ಪಲಿ ಇಡಲೂ ಜಾಗವಿರಲಿಲ್ಲ, ಬರೀ ಕಲ್ಲು. ಇಳಕಲ್ಲಿನ ಕಡೆಯ ಕೆಂಪು ಗ್ರಾನೈಟು, ಬೆಳಗಾವಿಯ ಆಚೆಯಿಂದ ತಂದ ಕರಿ ಬಸಾಲ್ಟು, ಗಾಜಿನ ಹಾಗೆ ಹೊಳೆಯುವ ಒಂದು ಕರಿ ಚೂರು. ಅವುಗಳಲ್ಲಿ ಚಪ್ಪಟೆಯಾದ ಒಂದನ್ನು ಆಯಿ ಎತ್ತಿಕೊಂಡು ಹೋಗಿ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಿದ್ದಳು. ಕಾಕಾ ಎಷ್ಟು ಕೇಳಿಕೊಂಡರೂ ಕೊಡಲಿಲ್ಲ.

"ನೋಡ ಪಮ್ಮಿ, ಈ ಕಲ್ಲೂ ಒಂದ ಕಾಲಕ್ಕ ನಿಮ್ಮ ಆಯಿ ಪಾಕ ಇದ್ದಂಗ ಇತ್ತು" ಎಂದು ಕಾಕಾ ಶುರುಮಾಡುತ್ತಿದ್ದ. ನೆಲದ ಆಳದಲ್ಲಿ ಕಲ್ಲೂ ಕರಗಿ ಪಾಕವಾಗಿರುತ್ತದೆ. ಪುಸ್ತಕದಲ್ಲೂ ಅದಕ್ಕೆ ಶಿಲಾಪಾಕವೆಂದೇ ಹೆಸರು. ಅದು ಮೇಲೆ ಬರಲಾರದೆ ಒಳಗೇ ಉಳಿದರೆ ಸುತ್ತಲಿನ ನೆಲವೇ ಅದಕ್ಕೆ ಬೆಚ್ಚಗೆ ಹೊದಿಸಿದ ಕೌದಿ. ಎಷ್ಟೋ ಸಾವಿರ, ಎಷ್ಟೋ ಲಕ್ಷ ವರ್ಷ ನಿಧಾನವಾಗಿ ಆರುತ್ತದೆ. ಆರುವಾಗ ಅದರೊಳಗಿನ ಒಂದೊಂದು ಕಣವೂ ತನ್ನ ಜೊತೆಯ ಕಣವನ್ನು ಹುಡುಕಿಕೊಂಡು ಹೋಗಿ ಕೂಡುತ್ತದೆ, ಹರಳು ದೊಡ್ಡದಾಗುತ್ತದೆ. ಹಾಗಾದದ್ದು ಗ್ರಾನೈಟು, ಅದರೊಳಗಿನ ಕೆಂಪು, ಬಿಳಿ, ಕರಿ ಹರಳುಗಳನ್ನು ಬರಿಗಣ್ಣಿನಿಂದ ಎಣಿಸಬಹುದು. ಅದೇ ಪಾಕ ನೆಲ ಸೀಳಿಕೊಂಡು ಮೇಲೆ ಬಂದರೆ ಗಾಳಿ ತಾಗಿ ಗಡಬಡಿಸಿ ಆರುತ್ತದೆ. ಕಣಗಳಿಗೆ ಹುಡುಕಾಡಲು ಪುರುಸೊತ್ತಿಲ್ಲ, ಎಲ್ಲಿದ್ದವೋ ಅಲ್ಲೇ ಸೆಟೆದು ನಿಲ್ಲುತ್ತವೆ. ಹಾಗಾದದ್ದು ಬಸಾಲ್ಟು, ಹರಳು ಕಣ್ಣಿಗೆ ಕಾಣದಷ್ಟು ಸಣ್ಣ. ಇನ್ನೂ ಅವಸರವಾದರೆ ಹರಳೇ ಇಲ್ಲ, ಬರೀ ಗಾಜು. ನಮ್ಮ ಮನೆಯ ಒರಳು ಗ್ರಾನೈಟಿನದು, ಬೀಸುವ ಕಲ್ಲು ಬಸಾಲ್ಟಿನದು. ಕಾಕಾ ನನ್ನ ಬೆರಳು ಹಿಡಿದು ಎರಡರ ಮೇಲೂ ಆಡಿಸಿ ಕೇಳುತ್ತಿದ್ದ: "ಯಾವದಕ್ಕ ಅವಸರ ಇತ್ತು, ಹೇಳು?" ಒಂದು ಸಲ ಆಯಿ ಆಗಷ್ಟೇ ಅಚ್ಚಿನಿಂದ ತೆಗೆದಿಟ್ಟ ಕುದುರೆಯನ್ನು ನಡುವಿಗೆ ಪಟ್ಟನೆ ಮುರಿದು ತೋರಿಸಿದ. ಒದ್ದೆ ಕಟ್ಟಿಗೆಗೆ ತಾಗಿದ್ದ ಅಂಚಿನಲ್ಲಿ ಸಕ್ಕರೆ ನುಣ್ಣಗೆ ಬಿಗಿದುಕೊಂಡಿತ್ತು, ಹೊಟ್ಟೆಯೊಳಗೆ ತುಸು ಒರಟಾಗಿತ್ತು. ಬಂಡೆಯ ಬಿರುಕಿನಲ್ಲಿ ನುಗ್ಗಿ ಆರಿದ ಶಿಲೆಯೂ ಹೀಗೇ, ಅಂಚು ನುಣುಪು, ನಡು ಒರಟು ಎಂದು ಅವನು ಹೇಳುವಷ್ಟರಲ್ಲಿ ಆಯಿಯ ಸೌಟು ಅವನ ಬೆನ್ನಿಗೆ ಬಿತ್ತು. "ಗೌರಿ ಕುದರಿ ಮುರದೇನೋ, ಮೂಳಾ!" ಕಾಲೇಜಿನ ಮಾಸ್ತರ ಬೆನ್ನು ಉಜ್ಜಿಕೊಳ್ಳುತ್ತ ಮುರಿದ ಕುದುರೆಯ ಮುಂಭಾಗವನ್ನು ನನಗೆ ಕೊಟ್ಟು ಹಿಂಭಾಗವನ್ನು ತಾನು ತಿಂದ.

ಕಾಕಾನಿಗೆ ಹುಬ್ಬಳ್ಳಿಯ ಹುಡುಗಿಯೊಬ್ಬಳನ್ನು ನೋಡಿದ್ದು ನಾನು ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ಹೆಸರು ಶಾರದಾ, ಕಾಲೇಜಿಗೆ ಹೋಗುತ್ತಿದ್ದಳು. ನೋಡಲು ಹೋದಾಗ ನಾನೂ ಇದ್ದೆ. ಕಾಕಾ ಅವಲಕ್ಕಿಯ ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ. ಹಿರಿಯರೊಬ್ಬರು ಮರ್ಯಾದೆಗೆಂದು, "ನಿನಗೂ ಏನರ ಕೇಳೂದಿದ್ರ ಕೇಳವ್ವಾ" ಎಂದರು. ಕೇಳುವುದೇನೂ ಇಲ್ಲವೆಂದು ತಲೆ ಅಲ್ಲಾಡಿಸುವುದು ಅಂಥಲ್ಲಿಯ ರೂಢಿ. ಆಕೆ ಕೇಳಿಯೇಬಿಟ್ಟಳು: "ನಮ್ಮ ಬಾಗಲದ ಮೆಟ್ಟಲಾ ಕಲ್ಲಿಂದು, ಅದರಾಗ ಹರಳು ಕಾಣತಾವು. ಬೀಸೂ ಕಲ್ಲಿನ್ಯಾಗ ಕಾಣಂಗಿಲ್ಲ. ಯಾಕ್ರಿ?" ಕೂತವರೆಲ್ಲ ಗೊಳ್ಳೆಂದು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಮೊದಲ ಸಲ ತಲೆಯೆತ್ತಿ ಆಕೆಯ ಮುಖ ನೋಡಿದ. "ಅದು ಹ್ಯಾಂಗಂದ್ರ..." ಎಂದು ಬಾಯಿ ತೆರೆದ. ಅಷ್ಟರಲ್ಲಿ ಚಹಾ ಬಂತು, ಅಪ್ಪ ಹತ್ತಿಯ ಧಾರಣೆಯ ಮಾತು ತೆಗೆದ, ಉತ್ತರ ಅಲ್ಲಿಗೇ ನಿಂತಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯಾಚೆ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಮದುವೆ ಬೇಸಿಗೆಗೆ ಗೊತ್ತಾಯಿತು. ಮದುವೆಯ ಗಾದಿ ತುಂಬಿಸಲೆಂದು ಅಪ್ಪ ಅರಳೆ ತಂದು ಆ ಕತ್ತಲ ಕೋಣೆಯಲ್ಲಿ ಗುಡ್ಡೆ ಹಾಕಿದ.

ಮದುವೆಗೆ ಮೊದಲು ಬಂದದ್ದು ಗೌರಿ ಹುಣ್ಣಿಮೆ. ಸೊಸೆಯಾಗುವವಳಿಗೆ ಕಳಿಸುವ ಆರತಿಯೆಂದು ಆಯಿ ಆ ವರ್ಷ ಸಕ್ಕರೆಯನ್ನು ಆರಿಸಿ ಆರಿಸಿ ತರಿಸಿದ್ದಳು. ಹುಣ್ಣಿಮೆಗೆ ಇನ್ನೂ ಸಾಕಷ್ಟು ದಿನವಿರುವಾಗಲೇ ಕಾಕಾ ಅಡಿಗೆಮನೆಗೆ ಬಂದು ಗೋಗರೆಯತೊಡಗಿದ: "ಯವ್ವಾ, ನನಗೊಂದ ತಂಬಿಗಿ ಪಾಕ ಕೊಡ." ಆಯಿ ಬೈದಳು, ಕಳಿಸಿದಳು, ಮತ್ತೆ ಬಂದ, ಮತ್ತೆ ಬೈದಳು. ಕೊನೆಗೆ ಅಚ್ಚಿಗೆ ಬಾರದೆ ಉಳಿದ, ತುಸು ಕೆಂಪಿಗೆ ತಿರುಗಿದ ಪಾಕವನ್ನು ಹಿತ್ತಾಳೆಯ ತಂಬಿಗೆಗೆ ಸುರಿದುಕೊಟ್ಟಳು. ಕಾಕಾ ಅದರ ಬಾಯಿಗಡ್ಡವಾಗಿ ಒಂದು ಕಡ್ಡಿಯಿಟ್ಟು, ಕಡ್ಡಿಗೆ ದಾರ ಕಟ್ಟಿ ಪಾಕದೊಳಗೆ ಇಳಿಬಿಟ್ಟ. ಮೇಲೆ ಮುಚ್ಚಿ, ಆಯಿಯದೇ ಹಳೆಯ ಕೌದಿ ಸುತ್ತಿ, ಆ ಗಂಟನ್ನು ಒಯ್ದು ಗಾದಿಯ ಅರಳೆಯ ಗುಡ್ಡೆಯೊಳಗೆ ಹೂತಿಟ್ಟ. ಇರುವೆ ಬರಬಾರದೆಂದು ಸುತ್ತಲೂ ಅರಿಸಿನದ ಗೆರೆ ಎಳೆದ. ಅವ್ವ ಅದನ್ನು ನೋಡಿ, "ಮೈದನರಿಗೆ ಲಗ್ನದ ಹುಚ್ಚ ಹಿಡದೈತಿ" ಎಂದು ಸೆರಗು ಬಾಯಿಗೊತ್ತಿ ನಕ್ಕಳು. ಕಾಕಾ ನನ್ನನ್ನು ಕರೆದು, "ಈಗ ನೋಡ, ಇದು ನೆಲದ ಒಳಗ ಐತಿ ಅಂತ ತಿಳಿ. ಯಾರೂ ಮುಟ್ಟಬಾರದು, ಅಲಗಾಡಸಬಾರದು. ಅಲಗಾಡಿತಂದ್ರ ಹರಳು ಸಣ್ಣಾಗತಾವ" ಎಂದ. ಇದೆಲ್ಲ ಯಾಕೆಂದು ಕೇಳಿದೆ. "ಆಕಿ ಕೇಳಿದ್ಲಲ್ಲ. ಉತ್ತರಾ ಕಳಸಬೇಕಲ್ಲ" ಎಂದ.

ಇಲ್ಲಿಯೇ ನನಗೆ ಕಾಕಾನನ್ನು ಹಿಡಿದು ಝಾಡಿಸಬೇಕೆನಿಸುವುದು. ಉತ್ತರ ಕಳಿಸಬೇಕಾಗಿದ್ದರೆ ಒಂದು ಕಾಗದ ಬರೆಯಬಹುದಿತ್ತಲ್ಲ ಮಹಾರಾಯ! ಆದರೆ ಕಾಕಾ ಮಾತಿನ ಮನುಷ್ಯನಲ್ಲ. ಅವನಿಗೆ ಏನು ಹೇಳಬೇಕಾದರೂ ಕೈಯಲ್ಲೊಂದು ವಸ್ತು ಬೇಕು. ಹುಣ್ಣಿಮೆ ಸಮೀಪಿಸಿದಾಗ ಕಾಕಾ ತಂಬಿಗೆಯನ್ನು ಅರಳೆಯಿಂದ ಎತ್ತಿ ಪಡಸಾಲೆಗೆ ತಂದ. ಉಳಿದ ಪಾಕವನ್ನು ಬಸಿದು, ದಾರ ಹಿಡಿದು ಮೇಲೆತ್ತಿದ. ನಾನು ಅಂಥದನ್ನು ಅದುವರೆಗೆ ನೋಡಿರಲಿಲ್ಲ. ದಾರದ ತುಂಬ ಹರಳು, ಹರಳಿನ ಮೇಲೆ ಹರಳು, ನನ್ನ ಉಗುರಿಗಿಂತ ದೊಡ್ಡವು, ಒಂದೊಂದಕ್ಕೂ ಚಾಣದಿಂದ ಕಡೆದ ಹಾಗೆ ನುಣುಪಾದ ಮೈ. ಪಾಕ ಕೆಂಪಿಗೆ ತಿರುಗಿದ್ದರಿಂದ ಬಣ್ಣ ಜೇನಿನದು. ಬೆಳಕಿಂಡಿಯ ಬಿಸಿಲಿಗೆ ಹಿಡಿದಾಗ ಗೋಡೆಯ ಮೇಲೆ ಚುಕ್ಕೆ ಚುಕ್ಕೆ ಬೆಳಕು ಬಿತ್ತು. ಬಿಸಿಲಿನಿಂದ ಈಚೆ ತಂದರೆ ಮಾತ್ರ, ಖರೇ ಹೇಳಬೇಕೆಂದರೆ, ಅದೊಂದು ಕಗ್ಗಲ್ಲಿನ ಉಂಡೆಯ ಹಾಗೆ ಕಾಣುತ್ತಿತ್ತು. ಆಯಿ ಒಲ್ಲದ ಮನಸ್ಸಿನಿಂದ ಮುಟ್ಟಿ ನೋಡಿ, "ಛಲೋ ಬಂದೈತಿ ಬಿಡಪಾ. ಆದ್ರ ಇದು ಆರತಿ ಅಲ್ಲ" ಎಂದಳು. ಕಾಕಾ ಆ ಎರಡನೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

ಆರತಿ ಒಯ್ಯುವಾಗ ಮದುವೆಯ ಗಂಡು ಹೋಗುವ ರೀತಿ ಇರಲಿಲ್ಲ. ಆಯಿಗೆ ಮೊಣಕಾಲು ನೋವು. ಅಪ್ಪ, ಅವ್ವ, ಓಣಿಯ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು ಹೊರಟೆವು. ದೊಡ್ಡ ತಟ್ಟೆಯ ನಡುವೆ ತೇರು, ಅದರ ಸುತ್ತ ನವಿಲು, ಕುದುರೆ, ಬಸವಣ್ಣ, ತುಳಸಿಕಟ್ಟೆ. ಪಕ್ಕಕ್ಕೆ ಸೀರೆ, ಕುಪ್ಪಸದ ಕಣ, ಹೂವು. ಅವ್ವ ಸೀರೆ ಉಟ್ಟುಕೊಳ್ಳಲು ಒಳಗೆ ಹೋದಾಗ ಕಾಕಾ ಬಂದು ನಡುವಿನ ತೇರನ್ನು ಎತ್ತಿ ಅಡಿಗೆಮನೆಯ ಗೋಡೆಯ ಮಾಡದಲ್ಲಿಟ್ಟ. ಅದರ ಜಾಗದಲ್ಲಿ ತನ್ನ ಹರಳಿನ ಗೊಂಚಲು ಇಟ್ಟು ಜರಿಯ ವಸ್ತ್ರ ಮುಚ್ಚಿದ. "ತೇರು ಎಲ್ಲಾರ ಮನಿಗೂ ಬರತಾವ. ಇದು ಯಾರ ಮನಿಗೂ ಬಂದಿರಾಕಿಲ್ಲ" ಎಂದು ಪಿಸುಗುಟ್ಟಿದ. ಆಮೇಲೆ ಬಗ್ಗಿ ನನ್ನ ರಿಬ್ಬನ್ನು ಸರಿಮಾಡಿ, "ಯಾರರ ಕೇಳಿದ್ರ ನೀ ಹೇಳಬೇಕ, ಪಮ್ಮಿ. ನಿನಗ ಎಲ್ಲಾ ಗೊತ್ತೈತಲ್ಲ" ಎಂದ. ನನಗೆ ಎಲ್ಲಾ ಗೊತ್ತಿತ್ತು. ಬಸ್ಸು ರಾಯಾಪುರ ದಾಟುವಾಗಲೂ ನಾನು ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ: ನಿಧಾನ ಆರಿದರೆ ದೊಡ್ಡ ಹರಳು, ಗಡಬಡಿಸಿ ಆರಿದರೆ ಸಣ್ಣ ಹರಳು. ತಟ್ಟೆ ಅವ್ವನ ತೊಡೆಯ ಮೇಲಿತ್ತು. ಅವ್ವ ವಸ್ತ್ರ ಸರಿಸಿ ನೋಡಲಿಲ್ಲ, ಗಾಳಿಗೆ ಹಾರದಂತೆ ಅಂಚು ಒತ್ತಿ ಹಿಡಿದುಕೊಂಡಿದ್ದಳು.

ಹುಬ್ಬಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದ್ದರು. ಗಂಡಿನ ಮನೆಯ ಆರತಿ ಎಷ್ಟು ಎತ್ತರ, ತೇರಿಗೆ ಎಷ್ಟು ಅಂತಸ್ತು ಎಂದು ನೋಡಲು ಬಂದವರು. ಶಾರದಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ನನ್ನನ್ನು ಆಕೆಯ ಪಕ್ಕಕ್ಕೇ ಕೂಡಿಸಿದರು. ಆಕೆಯ ದೊಡ್ಡವ್ವ ವಸ್ತ್ರ ಎತ್ತಿದರು. ಬಗ್ಗಿ ತಟ್ಟೆಯ ನಡುವೆ ನೋಡಿದರು. "ತೇರ ಎಲ್ಲೈತ್ರಿ? ಇದೇನ್ರಿ ಇದು, ಕಲ್ಲು?" ಅವ್ವನ ಮುಖ ಬಿಳಿಚಿತು, ಪಾಪ, ಆಕೆಗೂ ಅದು ಆಗಲೇ ಕಂಡದ್ದು. "ಸಕ್ರೀನ ರೀ ಅದು, ಬೇಕಾರ ತಿಂದ ನೋಡ್ರಿ" ಎಂದಳು. ಯಾರೂ ತಿನ್ನಲಿಲ್ಲ. ಇವತ್ತಿಗೂ ನನಗೆ ಮೈ ಉರಿಯುವುದು ಅದಕ್ಕೇ. ಅಷ್ಟು ಮಂದಿಯಲ್ಲಿ ಒಬ್ಬರಾದರೂ ನಾಲಿಗೆಯ ತುದಿಗೆ ತಾಗಿಸಿ ನೋಡಿದ್ದರೆ! ಹಿಂದಿನಿಂದ ಯಾರೋ ಅಂದರು: "ಹುಡಿಗಿ ಉಡ್ಯಾಗ ಕಲ್ಲ ಹಾಕಾಕ ಬಂದಾರೇನ?" ಉಡಿಯಲ್ಲಿ ಕಲ್ಲೆಂದರೆ ಏನರ್ಥವೆಂದು ನನಗೆ ಆಗ ತಿಳಿದಿರಲಿಲ್ಲ. ಮಕ್ಕಳಾಗದಿರಲಿ ಎಂದು ಶಪಿಸಿದ ಹಾಗೆ ಅದು. ಹೆಂಗಸರ ನಡುವೆ ಗುಜುಗುಜು ಎದ್ದಿತು.

ಹೊರಗೆ ಕಟ್ಟೆಯ ಮೇಲೆ ಗಂಡಸರ ಜೊತೆ ಕೂತಿದ್ದ ಅಪ್ಪನ ಕಿವಿಗೆ ಬಿದ್ದದ್ದು ಉಡಿಯ ಕಲ್ಲಿನ ಇದೊಂದೇ ಮಾತು; ಕಲ್ಲೆಂದರೆ ತಮ್ಮನದೇ ಕೆಲಸವೆಂದು ತಿಳಿದ. ಒಳಗೆ ಬಂದು ತಟ್ಟೆಯಲ್ಲಿ ಏನಿದೆಯೆಂದು ಕಣ್ಣು ಹಾಯಿಸಿ ನೋಡುವ ತಾಳ್ಮೆಯೂ ಅವನಿಗಿರಲಿಲ್ಲ. ಅಪ್ಪನ ಸಿಟ್ಟು ಬಸಾಲ್ಟಿನ ಜಾತಿಯದು, ಉಕ್ಕಿದಷ್ಟೇ ಬೇಗ ಆರುತ್ತಿತ್ತು. ಸಂಜೆಗೆ ಅವನಿಗೇ ನೆನಪಿರುತ್ತಿರಲಿಲ್ಲ. "ನನ್ನ ತಮ್ಮ ಓದಿದಂವ. ಅಂವ ಏನ ಕಳಿಸಿದ್ರೂ ಅದಕ್ಕೊಂದ ಅರ್ಥ ಇರತೈತಿ. ನಿಮಗ ತಿಳೀಲಿಲ್ಲಂದ್ರ ನಾವೇನ ಮಾಡೂಣು?" ಎಂದು ಹೊಸ್ತಿಲಲ್ಲೇ ನಿಂತು ಅಂದುಬಿಟ್ಟ. ತಿಳಿಯದವರು ಅನ್ನಿಸಿಕೊಂಡು ಯಾರು ಸುಮ್ಮನಿರುತ್ತಾರೆ? ಆ ಕಡೆಯ ಹಿರಿಯರೂ ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅಲ್ಲಿ ಎರಡೂ ಒಟ್ಟಿಗೇ ಹೋದವು.

ಈ ಗದ್ದಲದ ನಡುವೆ ಶಾರದಾ ಕೈ ಚಾಚಿ ಆ ಗೊಂಚಲನ್ನು ಎತ್ತಿಕೊಂಡಳು. ಬಾಗಿಲಿನ ಕಡೆ ಹಿಡಿದು ಬೆಳಕಿಗೆ ತಿರುಗಿಸಿದಳು. ಜೇನಿನ ಬಣ್ಣದ ಚುಕ್ಕೆಗಳು ಆಕೆಯ ಹಸಿರು ಸೀರೆಯ ಮೇಲೆ ಬಿದ್ದವು. ನನ್ನ ಕಿವಿಯ ಹತ್ತಿರ ಬಗ್ಗಿ, "ಇದನ್ನ ಹ್ಯಾಂಗ ಮಾಡಿದ್ರವಾ?" ಎಂದು ಕೇಳಿದಳು. ಇಷ್ಟು ಹೊತ್ತು ನಾನು ಕಾದದ್ದೇ ಆ ಪ್ರಶ್ನೆಗೆ. "ನಮ್ಮ ಕಾಕಾ ಅದಕ್ಕ..." ಎಂದೆ. ಅಷ್ಟೇ. ಅಪ್ಪನ ಕೈ ಬಂದು ನನ್ನ ರಟ್ಟೆ ಹಿಡಿಯಿತು. "ಏಳ, ಹೋಗೂಣು." ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಎಳೆದುಕೊಂಡು ಹೊರಟ. ಆ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಇಳಿದೆ. ಗ್ರಾನೈಟಿನ ಮೆಟ್ಟಿಲು, ಅಂಗಾಲಿಗೆ ತಣ್ಣಗಿತ್ತು. ತಿರುಗಿ ನೋಡಿದರೆ ಹೆಂಗಸರ ಬೆನ್ನುಗಳಷ್ಟೇ ಕಂಡವು.

ಮರುದಿನ ಹುಬ್ಬಳ್ಳಿಯಿಂದ ಒಬ್ಬರು ಬಂದು ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟು, ನೀರೂ ಕುಡಿಯದೆ ಹೋದರು. ಅವ್ವ ಒಂದೊಂದಾಗಿ ತೆಗೆದಿಟ್ಟಳು. ಸೀರೆ ಬಂದಿತ್ತು, ಕಣ ಬಂದಿತ್ತು, ಬಾಡಿದ ಹೂವೂ ಬಂದಿತ್ತು. ನವಿಲು ದಾರಿಯಲ್ಲಿ ಕೊರಳು ಮುರಿದುಕೊಂಡಿತ್ತು, ಆ ಮುರಿದ ಕೊರಳನ್ನೂ ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ನನ್ನ ಚಪ್ಪಲಿಗಳೂ ಬಂದಿದ್ದವು. ಕಾಲೇಜಿನಿಂದ ಬಂದ ಕಾಕಾ ಬೆರಳಿನ ಸೀಮೆಸುಣ್ಣ ಒರೆಸಿಕೊಳ್ಳದೆ ತಟ್ಟೆಯ ಮುಂದೆ ನಿಂತ. "ಹರಳು ಎಲ್ಲಿ, ವೈನಿ?" ಎಂದ. "ಗಟಾರಕ್ಕ ಒಗದಿರಬೇಕು ಬಿಡ್ರಿ" ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ. ಕಾಕಾ ಬಾವಿಯ ಕಟ್ಟೆಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ತಿರುಗಿ ಬಂದ ಆರತಿಯನ್ನು ಯಾರಿಗೂ ಹಂಚುವ ಹಾಗಿರಲಿಲ್ಲ. ಆಯಿ ಅವನ್ನೆಲ್ಲ ನೀರಿಗೆ ಹಾಕಿ ಕರಗಿಸಿದಳು. ಆ ಚಳಿಗಾಲವೆಲ್ಲ ನಮ್ಮ ಮನೆಯ ಚಹಾಕ್ಕೆ ಅದೇ ಪಾಕ. ಕಾಕಾನ ಮದುವೆಯನ್ನು ನಾವು ಮನೆಮಂದಿಯೆಲ್ಲ ಬಟ್ಟಲು ಬಟ್ಟಲು ಕುಡಿದು ಮುಗಿಸಿದೆವು. ಮಾಡದಲ್ಲಿದ್ದ ತೇರನ್ನು ಎಲ್ಲರೂ ಮರೆತರು, ಇರುವೆ ತಿಂದವು.

ಅಪ್ಪನ ಮೇಲೆ ನನಗಿರುವ ಸಿಟ್ಟು ಒಂದು ತೂಕವಾದರೆ ಕಾಕಾನ ಮೇಲಿನದು ಇನ್ನೊಂದು ತೂಕ. ಧಾರವಾಡದಿಂದ ಹುಬ್ಬಳ್ಳಿಯೇನು ಕಾಶಿಯಷ್ಟು ದೂರವೇ? ಬಸ್ಸು ಹತ್ತಿ ಹೋಗಿ, ಆ ಹಿರಿಯರ ಮುಂದೆ ಕೂತು, ಇದು ಹೀಗೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆಯಿ ದಿನಾ ಬೆಳಗಾದರೆ ಅವನ ಬೆನ್ನು ಹತ್ತುತ್ತಿದ್ದಳು. "ಹೋಗಿ ಬಾರೋ, ಪಾಕ ಕೈ ಬಿಟ್ಟ ಮ್ಯಾಲ ಏನ ಮಾಡ್ತಿ?" ಎನ್ನುತ್ತಿದ್ದಳು. ಅವನದು ಒಂದೇ ಉತ್ತರ: "ಈಗ ಕಾದೈತಿ ಯವ್ವಾ, ಆರಲಿ." ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕಟ್ಟಿದವರು ನಮ್ಮ ಕಾಕಾನನ್ನು ನೋಡಿರಲಿಲ್ಲ. ಅಪ್ಪನಿಗೆ ಒಂದು ಗಳಿಗೆ ತಾಳಲಾಗಲಿಲ್ಲ, ಇವನಿಗೆ ಒಂದು ಹೆಜ್ಜೆ ಮುಂದಿಡಲಾಗಲಿಲ್ಲ. ನಾವು ಗೊತ್ತುಮಾಡಿದ್ದ ಬೇಸಿಗೆಯಲ್ಲೇ ಶಾರದಾಳ ಮದುವೆ ಬೇರೆ ಕಡೆ ಆಯಿತೆಂದು ಸುದ್ದಿ ಬಂತು. ಕತ್ತಲ ಕೋಣೆಯ ಅರಳೆಯನ್ನು ಹೊರಗೆ ತೆಗೆದು ಹಿಂಜಿಸಿ, ಅದರಿಂದ ಒಬ್ಬರು ಮಲಗುವಷ್ಟು ಅಗಲದ ಗಾದಿ ಮಾಡಿಸಿದರು. ಕಾಕಾ ಅದರ ಮೇಲೆಯೇ ಕೊನೆಯವರೆಗೂ ಮಲಗಿದ. ಮತ್ತೆ ಯಾವ ಹುಡುಗಿಯನ್ನೂ ನೋಡಲು ಹೋಗಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮೊದಲು ಆಯಿ, ಆಮೇಲೆ ಅಪ್ಪ, ಅವ್ವ. ಮನೆ ಮಾರಿದಾಗ ಅಚ್ಚುಗಳ ಪೆಟ್ಟಿಗೆ ತೆರೆದರೆ ಹುಳ ತಿಂದು ಪುಡಿಯಾಗಿತ್ತು. ಒರಳನ್ನು ಯಾರೋ ಒಯ್ದರು, ಬೀಸುವ ಕಲ್ಲು ಹಾಸ್ಟೆಲ್ಲಿನ ಪಾಯಕ್ಕೆ ಹೋಯಿತು. ಕಾಕಾ ನನ್ನ ಮನೆಗೆ ಬಂದ. ನಾನು ಆಗಲೇ ಭೂಗೋಳದ ಕೋಚಿಂಗ್ ಕ್ಲಾಸುಗಳಲ್ಲಿ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ಪ್ರತಿ ವರ್ಷ ಅಗ್ನಿಶಿಲೆಯ ಪಾಠ ಬರುತ್ತದೆ. ಬೋರ್ಡಿನ ಮೇಲೆ ಗ್ರಾನೈಟು, ಬಸಾಲ್ಟು ಎಂದು ಬರೆದು, ತಂಬಿಗೆ, ಕೌದಿ, ಅರಳೆ ಎಂದು ನಾನು ಶುರುಮಾಡುವಷ್ಟರಲ್ಲಿ ಯಾರಾದರೊಬ್ಬ ಹುಡುಗ ಕೈಯೆತ್ತುತ್ತಾನೆ: "ಮೇಡಂ, ಇದು ಪರೀಕ್ಷಾಕ್ಕ ಬರತೈತೇನ್ರಿ?" ಕ್ಲಾಸು ನಡೆಸುವ ಯಜಮಾನರೂ ಒಂದು ದಿನ ಕರೆದು, "ಒಂದ ಕಲ್ಲಿನ ಮ್ಯಾಲ ಇಷ್ಟೊತ್ತ ಕುಂತ್ರ ಸಿಲೆಬಸ್ ಮುಗಿಯೂದು ಹ್ಯಾಂಗ್ರಿ?" ಎಂದರು. ಆಯಿತು ಸ್ವಾಮಿ. ನಿಧಾನ ತಣಿದರೆ ದೊಡ್ಡ ಹರಳು, ಬೇಗ ತಣಿದರೆ ಸಣ್ಣ ಹರಳು, ಗುರುತು ಹಾಕಿಕೊಳ್ಳಿ, ಮುಂದಿನ ಪ್ರಶ್ನೆ. ನನ್ನ ಬಾಯಿಂದ ಪೂರ್ತಿ ಉತ್ತರ ಹೊರಡಬಾರದೆಂದು ಯಾರೋ ಶಾಪ ಹಾಕಿದ್ದಾರೋ ಏನೋ.

ಕಾಕಾ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೂತಿದ್ದಾಗ, ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ. "ಕಾಕಾ, ಅವತ್ತ ಮರುದಿನಾನ ನೀ ಹುಬ್ಬಳ್ಳಿಗೆ ಹೋಗಬೇಕಾಗಿತ್ತು."

"ಹೌದು, ಹೋಗಬೇಕಾಗಿತ್ತು" ಎಂದ.

ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದಕ್ಕೆ ನನಗೆ ಇನ್ನಷ್ಟು ರೇಗಿತು. ಜಗಳವಾಡಲಿಕ್ಕಾದರೂ ಒಂದು ಮಾತು ಎದುರು ಆಡಬಾರದೆ! ಬೇಕೆಂದೇ ಕಟುವಾಗಿ ಅಂದೆ: "ಹೋಗ್ಲಿ ಬಿಡು, ಅವರೂ ಅದನ್ನ ಗಟಾರಕ್ಕ ಒಗದ್ರು." ಕಾಕಾ ಬಟ್ಟಲಿನ ತಳದಲ್ಲಿ ಚಮಚ ಆಡಿಸುತ್ತ ಹೇಳಿದ: "ಒಗದಿದ್ರೂ ಲಗೂ ಕರಗಿರಾಕಿಲ್ಲ. ಅಷ್ಟ ದೊಡ್ಡ ಹರಳು, ಹೊತ್ತ ಹಿಡೀತೈತಿ." ಬಟ್ಟಲು ಕೆಳಗಿಟ್ಟು, ನನ್ನ ಮುಖ ನೋಡದೆ ಅಂದ: "ಎಲ್ಲಾ ತಿರಗಿ ಬಂತು, ಪಮ್ಮಿ. ಕೊಳ್ಳ ಮುರದ ನವಿಲೂ ಬಂತು. ನಿನ್ನ ಚಪ್ಪಲಿ ಸೈತ ಬಂದ್ವು. ಅದೊಂದ ಬರಲಿಲ್ಲ."

ಎಷ್ಟೋ ವರ್ಷಗಳಿಂದ ಅವನು ಅದೊಂದನ್ನೇ ಹಿಡಿದುಕೊಂಡು ಬದುಕಿದ್ದನೆಂದು ನನಗೆ ತಿಳಿದದ್ದು ಆಗ. ಚಪ್ಪಲಿಯನ್ನೂ ಮರೆಯದೆ ಕಳಿಸಿದ ಮನೆಯವರು ಒಂದನ್ನು ಮಾತ್ರ ಇಟ್ಟುಕೊಂಡಿದ್ದರೆ ಯಾರೋ ಅದನ್ನು ಬೇಕೆಂದೇ ಇಟ್ಟುಕೊಂಡಿರಬೇಕು. ಇದ್ದರೂ ಇರಬಹುದು. ಇಲ್ಲದೆಯೂ ಇರಬಹುದು. ಕೇಳಿ ತಿಳಿಯೋಣವೆಂದು, ಕಾಕಾನ ದಿನಗಳೆಲ್ಲ ಮುಗಿದ ಮೇಲೆ, ನಾನೇ ಹುಬ್ಬಳ್ಳಿಗೆ ಹೋದೆ. ಆ ಓಣಿ ಸಿಕ್ಕಿತು, ಮನೆ ಸಿಗಲಿಲ್ಲ. ಅಲ್ಲೊಂದು ಅಂಗಡಿಗಳ ಕಟ್ಟಡ ಎದ್ದಿದೆ, ಮುಂದೆ ನುಣ್ಣಗೆ ಪಾಲಿಶ್ ಮಾಡಿದ ಗ್ರಾನೈಟಿನ ಮೆಟ್ಟಿಲು. ಹಳೆಯ ಮೆಟ್ಟಿಲಲ್ಲ, ಹೊಸದು. ಒಂದು ಅಂಗಡಿಯವರು, "ಯಾರ ಬೇಕಾಗಿತ್ರಿ?" ಎಂದು ಕೇಳಿದರು. ಆಕೆಯ ಗಂಡನ ಮನೆಯ ಹೆಸರೂ ನನಗೆ ಗೊತ್ತಿಲ್ಲ. "ಒಬ್ಬರಿಗೊಂದ ಮಾತ ಹೇಳೂದಿತ್ರಿ" ಎಂದೆ. ಅವರು ನನ್ನನ್ನು ಒಂಥರಾ ನೋಡಿದರು. ಬಿಸಿಲು ನೆತ್ತಿಗೆ ಬಂದಿತ್ತು, ಮೆಟ್ಟಿಲಿನೊಳಗಿನ ಹರಳುಗಳೆಲ್ಲ ಮಿನುಗುತ್ತಿದ್ದವು. ಆ ಸಂಸಾರವೂ ಇಲ್ಲ, ನಮ್ಮ ಸಂಸಾರವೂ ಇಲ್ಲ. ಸಿಟ್ಟು ಮಾಡಬೇಕೆಂದರೂ ಎದುರಿಗೆ ಒಬ್ಬರಿಲ್ಲ. ಬಸ್ಸು ಹತ್ತಿ ತಿರುಗಿ ಬಂದೆ.

ನನ್ನ ರಟ್ಟೆ ಹಿಡಿದೆಳೆದ ಕೈ ಇಲ್ಲವಾಗಿ ಎಷ್ಟೋ ಕಾಲವಾಯಿತು. ಅರ್ಧಕ್ಕೆ ನಿಂತ ಮಾತು ಮಾತ್ರ ಇನ್ನೂ ಬಾಯಲ್ಲೇ ಇದೆ. ಆಕೆ ಎಲ್ಲಿದ್ದಾಳೋ, ಈ ಬರಹ ಆಕೆಯ ಕಣ್ಣಿಗೆ ಬೀಳುತ್ತದೆಯೋ ಇಲ್ಲವೋ. ಬೀಳದಿದ್ದರೂ ಸರಿ, ಇಲ್ಲಿ ನನ್ನನ್ನು ತಡೆಯುವವರು ಯಾರೂ ಇಲ್ಲ, ಒಮ್ಮೆಯಾದರೂ ಪೂರ್ತಿ ಹೇಳಿಬಿಡುತ್ತೇನೆ. ಹ್ಯಾಂಗ ಮಾಡಿದ್ರವಾ ಎಂದು ಕೇಳಿದಿರಲ್ಲ, ಶಾರದಕ್ಕಾ. ನಮ್ಮ ಕಾಕಾ ಅದಕ್ಕ ಏನೂ ಮಾಡ್ಲಿಲ್ರಿ. ಕಾದದ್ದನ್ನ ಬೆಚ್ಚಗ ಹೊಚ್ಚಿ, ಯಾರೂ ಮುಟ್ಟಲಾರದಂಗ ಬಿಟ್ರು, ಅಷ್ಟರಿ.